ಸಹಾಯ ಬೇಕು: ಇಬ್ಬರು ಅಜ್ಜಂದಿರು, ಎರಡು ಇತಿಹಾಸ. ಮಕ್ಕಳಿಗೆ ಏನು ಹೇಳಲಿ?

ಎಲ್ಲರಿಗೂ ನಮಸ್ಕಾರ. ಕೊಡಗಿನ ಸೋಮವಾರಪೇಟೆ ಕಡೆಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸ್ಥಳೀಯ ಇತಿಹಾಸದ ಪ್ರಾಜೆಕ್ಟ್ ಸ್ಪರ್ಧೆಗೆ ಒಂಬತ್ತನೇ ತರಗತಿಯ ಐದು ಮಕ್ಕಳು ತಯಾರಾಗುತ್ತಿದ್ದಾರೆ.

ಶುರುವಾಗಿದ್ದು ಒಂದು ರಶೀದಿಯಿಂದ. ಹುಡುಗಿಯೊಬ್ಬಳು ಅಜ್ಜನ ಟ್ರಂಕಿನಲ್ಲಿದ್ದ 1954ರ ಕಂದಾಯ ರಶೀದಿ ತಂದಳು. ಮಡಿಕೆಯಲ್ಲಿ ಹರಿದಿದೆ, ಶಾಯಿ ಕಂದಾಗಿದೆ. ಮೇಲೆ ‘ಕೂರ್ಗ್’ ಅಂತ ಮಾತ್ರ ಸ್ಪಷ್ಟವಾಗಿದೆ. “ಮಿಸ್, ಆಗ ನಮಗೆ ಬೇರೆ ಮುಖ್ಯಮಂತ್ರಿ ಇದ್ರಾ?” ಅಂತ ಕೇಳಿದಳು. ಇದ್ದರು. ಆಗ ಕೂರ್ಗ್, ಅಂದರೆ ನಮ್ಮ ಕೊಡಗು, ಬೇರೆಯೇ ರಾಜ್ಯವಾಗಿತ್ತು. 1952ರಲ್ಲಿ ಅದರ 24 ಸ್ಥಾನಗಳ ವಿಧಾನಸಭೆಗೆ ಚುನಾವಣೆ ನಡೆದು ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಇದನ್ನು ಕೇಳಿದಾಗ ಮಕ್ಕಳ ಮುಖ ನೋಡಬೇಕಿತ್ತು!

ಪಠ್ಯಪುಸ್ತಕದಲ್ಲಿ ಸಿಕ್ಕಿದ್ದು ತೀರಾ ಕಡಿಮೆ. ಮಡಿಕೇರಿ ಕೋಟೆಯ ಮ್ಯೂಸಿಯಂಗೂ ಹೋಗಿ ಬಂದೆವು, ಈ ಕಾಲದ್ದು ನಮಗೆ ಸಿಗಲಿಲ್ಲ. ಕೊನೆಗೆ ಮಕ್ಕಳೇ ಊರಿನ ಹಿರಿಯರ ಮಾತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದರು. ಎಷ್ಟು ಚೆನ್ನಾಗಿ ಕೇಳಿದ್ದಾರೆ ಗೊತ್ತಾ!

ಸಿಕ್ಕಿಕೊಂಡಿದ್ದು ಇಲ್ಲೇ. “ಸೇರಿದ್ದರಿಂದಲೇ ನಮಗೆ ರಸ್ತೆ, ಶಾಲೆ ಬಂತು” ಅಂತಾರೆ ಒಬ್ಬ ಅಜ್ಜ. “ನಮ್ಮದು ನಮಗೇ ಇದ್ದಿದ್ದರೆ ಚೆನ್ನಾಗಿತ್ತು” ಅಂತ ಕಣ್ಣೀರು ಹಾಕಿದರು ಇನ್ನೊಬ್ಬರು. ಯಾವುದು ನಿಜ ಅಂತ ಮಕ್ಕಳು ನನ್ನನ್ನು ಕೇಳುತ್ತಿದ್ದಾರೆ. ಒಂದನ್ನು ಬಿಟ್ಟರೆ ಆ ಹಿರಿಯರಿಗೆ ಅನ್ಯಾಯ. ಎರಡನ್ನೂ ಸುಮ್ನೆ ಬರೆದರೆ ತೀರ್ಪುಗಾರರು ಆಧಾರ ಕೇಳುತ್ತಾರೆ. ಬಾಯಿಮಾತಿನ ಇತಿಹಾಸವನ್ನು ಪರೀಕ್ಷಿಸುವುದು ಹೇಗೆ ಅಂತ ನಾನು ಹೋದ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ.

ಇಂಥ ಪ್ರಾಜೆಕ್ಟ್ ಮಾಡಿಸಿದ ಶಿಕ್ಷಕರು ದಯವಿಟ್ಟು ಹೇಳಿ: ಇಂಥ ಎರಡು ಹೇಳಿಕೆಗಳನ್ನು ಮಕ್ಕಳು ಯಾವ ದಾಖಲೆ ಜೊತೆ ಹೋಲಿಸಿ ನೋಡಬೇಕು, 1952ರಿಂದ 1956ರ ಪತ್ರಿಕೆಗಳು ಕೊಡಗಿನಲ್ಲಿ ಎಲ್ಲಿ ನೋಡಲು ಸಿಗುತ್ತವೆ?