ಬಾವಿಗೆ ಇಳಿಯುವವರ ಹಗ್ಗಕ್ಕೆ ಯಾವ ಗಂಟು?

ಪ್ರಶ್ನೆ: ಸರ್, ಹೋದ ವಾರ ನಮ್ಮೂರ ತೆರೆದ ಬಾವಿಗೆ ಕರು ಬಿತ್ತು. ಹುಡುಗನೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮೇಲೆ ಎಳೆಯುವಾಗ ಗಂಟು ಬಿಗಿಯುತ್ತಾ ಹೋಗಿ ಅವನಿಗೆ ಉಸಿರು ಕಟ್ಟಿತು. ಹೇಗೋ ಇಬ್ಬರೂ ಉಳಿದರು. ಅಗ್ನಿಶಾಮಕದವರು ಯಾವ ಗಂಟು ಹಾಕುತ್ತೀರಿ?

ಉತ್ತರ: ಇಬ್ಬರೂ ಉಳಿದರಲ್ಲ, ಸದ್ಯ! ನೀವು ಹೇಳಿದ ಹಾಗೆ ನೋಡಿದರೆ ಅದು ಜೀರುಕುಣಿಕೆ. ಎಳೆದಷ್ಟೂ ಬಿಗಿಯುತ್ತದೆ. ಕೊಡ ಸೇದಲು ಸರಿ, ಮನುಷ್ಯನಿಗೆ ಯಾವತ್ತೂ ಬೇಡ.

ನಮಗೆ ತರಬೇತಿಯ ಶುರುವಿನಲ್ಲೇ ಕಲಿಸುವುದು ಬೋಲೈನ್. ಭಾರ ಬಿದ್ದರೂ ಅದರ ಕುಣಿಕೆ ಕಿರಿದಾಗುವುದಿಲ್ಲ. ಕೆಲಸ ಮುಗಿದ ಮೇಲೆ ಕಗ್ಗಂಟಾಗದೆ ಬಿಚ್ಚಿಕೊಳ್ಳುತ್ತದೆ. ಹೊಸ ಹುಡುಗರಿಗೆ ನಾನು ಹೇಳಿಕೊಡುವುದು ಹೀಗೆ: ಹಗ್ಗದಲ್ಲಿ ಸಣ್ಣ ಸುತ್ತು ಮಾಡಿ, ಅದು ಹುತ್ತ. ಮೇಲಕ್ಕೆ ಹೋಗುವ ಹಗ್ಗ ಮರ. ತುದಿ ಹಾವು. ಹಾವು ಹುತ್ತದೊಳಗಿಂದ ಮೇಲೆ ಬಂತು, ಮರದ ಹಿಂದಿನಿಂದ ಸುತ್ತಿತು, ಮತ್ತೆ ಅದೇ ಹುತ್ತಕ್ಕೆ ಇಳಿಯಿತು. ಈಗ ಎಳೆದು ಬಿಗಿ ಮಾಡಿ.

ನೈಲಾನ್ ಹಗ್ಗ ನುಣುಪು. ಭಾರ ಇಲ್ಲದಾಗ ಅಲುಗಾಡಿದರೆ ಬೋಲೈನ್ ಸಡಿಲ ಆಗಬಹುದು. ಅದಕ್ಕೇ ತುದಿ ಉದ್ದ ಬಿಡಿ, 12 ಮಿ.ಮೀ. ಹಗ್ಗಕ್ಕೆ ಕಡಿಮೆ ಅಂದರೂ 15 ಸೆಂ.ಮೀ. ಆ ತುದಿಯಲ್ಲಿ ಇನ್ನೊಂದು ಗಂಟು ಹಾಕಿ ಭದ್ರ ಮಾಡಿ. ಕುಣಿಕೆ ಸೊಂಟಕ್ಕಲ್ಲ, ಕಂಕುಳ ಕೆಳಗೆ ಬರಬೇಕು. ಬಾವಿಯ ಅಂಚಿಗೆ ಗೋಣಿಚೀಲ ಹಾಸಿ. ಕಲ್ಲಿಗೆ ಉಜ್ಜಿದ ಹಗ್ಗ ನೋಡನೋಡುತ್ತಲೇ ತುಂಡಾಗುತ್ತದೆ.

ಪ್ರಶ್ನೆ: ಚೇರ್ ನಾಟ್ ಅಂತಾರಲ್ಲ, ಅದು ಇದೇನಾ?

ಉತ್ತರ: ಅಲ್ಲ. ಅದನ್ನು ಹಗ್ಗದ ನಡುವೆ ಹಾಕುತ್ತೇವೆ. ಎರಡು ಕುಣಿಕೆ ಬರುತ್ತವೆ. ಒಂದು ಕಂಕುಳಿಗೆ, ಇನ್ನೊಂದು ಮೊಣಕಾಲ ಹಿಂಭಾಗಕ್ಕೆ. ಮನುಷ್ಯ ಕುರ್ಚಿಯಲ್ಲಿ ಕೂತಂತೆ ಇರುತ್ತಾನೆ, ಎದೆ ಮೇಲೆ ಪೂರ್ತಿ ಭಾರ ಬೀಳುವುದಿಲ್ಲ. ಹಗ್ಗದ ಒಂದು ಕಡೆ ಹಿಡಿದು ಮೇಲಿನವರು ಇಳಿಸುತ್ತಾರೆ. ಇನ್ನೊಂದು ಕಡೆ ಹಿಡಿದು ಕೆಳಗಿನವರು ಅವನು ಗೋಡೆಗೆ ಬಡಿಯದಂತೆ ಎಳೆದುಕೊಳ್ಳುತ್ತಾರೆ. ಇದನ್ನು ಬರಹ ಓದಿ ಕಲಿಯಬೇಡಿ. ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ ಕೇಳಿ, ಕೈಹಿಡಿದು ತೋರಿಸುತ್ತಾರೆ.

ಪ್ರಶ್ನೆ: ಮನುಷ್ಯನೇ ಬಿದ್ದಿದ್ದರೆ, ನೀವು ಬರುವವರೆಗೆ ನಾವೇನು ಮಾಡಬೇಕು?

ಉತ್ತರ: ಮೊದಲು 112ಕ್ಕೆ ಕರೆ ಮಾಡಿ. ಆಮೇಲೆ ಮೇಲಿನಿಂದಲೇ ಕೂಗಿ ಮಾತಾಡಿಸಿ. ಮಾತಾಡಿದರೆ, ಬೋಲೈನ್ ಕುಣಿಕೆಯನ್ನು ಮೇಲೆಯೇ ದೊಡ್ಡದಾಗಿ ಕಟ್ಟಿ ಇಳಿಬಿಡಿ. ಒದ್ದೆ ಕೈಯಲ್ಲಿ, ಗಾಬರಿಯಲ್ಲಿ ಅವರಿಂದ ಗಂಟು ಕಟ್ಟಲು ಆಗುವುದಿಲ್ಲ. ತಲೆ, ತೋಳು ತೂರಿಸಿಕೊಂಡರೆ ಸಾಕು. ಹಗ್ಗದ ಮೇಲ್ತುದಿಯನ್ನು ಗಟ್ಟಿ ಮರಕ್ಕೆ ಕಟ್ಟಿ. ಎಳೆಯುವ ಆತುರ ಬೇಡ, ಅವರ ತಲೆ ನೀರಿನ ಮೇಲಿದ್ದರೆ ನಮಗೆ ಸಮಯ ಸಿಗುತ್ತದೆ.

ಮಾತಾಡದಿದ್ದರೆ ದಯವಿಟ್ಟು ಯಾರೂ ಇಳಿಯಬೇಡಿ. ಹಳೇ ಬಾವಿಯಲ್ಲಿ ವಿಷಗಾಳಿ ಇರಬಹುದು, ಆಮ್ಲಜನಕವೇ ಇಲ್ಲದಿರಬಹುದು. ಒಬ್ಬನನ್ನು ಎತ್ತಲು ಇಳಿದ ಅಣ್ಣ, ಅವನನ್ನು ಎತ್ತಲು ಇಳಿದ ತಮ್ಮ, ಹೀಗೆ ಒಬ್ಬರ ಹಿಂದೆ ಒಬ್ಬರು ಹೋಗಿಬಿಡುತ್ತಾರೆ. ಅಲ್ಲಿ ಎಷ್ಟು ಒಳ್ಳೆಯ ಗಂಟಿದ್ದರೂ ಉಪಯೋಗವಿಲ್ಲ. ನಾವು ಉಸಿರಾಟದ ಸಿಲಿಂಡರ್ ಹಾಕಿಕೊಂಡೇ ಇಳಿಯುತ್ತೇವೆ.