ಮಳೆಗಾಲಕ್ಕೆ ಮುಂಚೆ ಸ್ಟೇಷನ್ ಹೆಲ್ತ್‌ನಲ್ಲಿ ಇರೋ ಜನರನ್ನ ಹಂಚೋದು ಹೇಗೆ?

ಪ್ರಶ್ನೆ: ಸೇನೆಯ ಸ್ಟೇಷನ್ ಹೆಲ್ತ್ ಆರ್ಗನೈಸೇಷನ್‌ಗೆ (ಸೇನಾ ನೆಲೆಯ ನೈರ್ಮಲ್ಯ, ರೋಗತಡೆ ನೋಡಿಕೊಳ್ಳುವ ಘಟಕ) ಹೊಸದಾಗಿ ಬಂದಿದ್ದೇನೆ. ಹೊಸ ಕ್ವಾರ್ಟರ್ಸ್ ಸೇರಿಕೊಂಡಿವೆ, ಹೆಲ್ತ್ ಅಸಿಸ್ಟೆಂಟ್‌ಗಳು ಮೊದಲಿದ್ದಷ್ಟೇ. ಡೆಂಗಿ ಭಯವಿದೆ. ಅನುಭವ ಇದ್ದವರು ತಿಳಿಸಿ.

ನಿವೃತ್ತ ಸುಬೇದಾರ್, ಎಎಂಸಿ (ಸೇನಾ ವೈದ್ಯಕೀಯ ದಳ):
ನಮಸ್ಕಾರ ಸರ್. ಮೊದಲು ಫಾಗಿಂಗ್‌ನಿಂದ ಜನ ತೆಗೀರಿ. ಹೊಗೆ ಕಣ್ಣಿಗೆ ಕಾಣುತ್ತೆ, ಅದಕ್ಕೇ ಎಲ್ಲರೂ ಅದನ್ನೇ ಕೇಳ್ತಾರೆ. ಆದ್ರೆ ಅದಕ್ಕೆ ಸಾಯೋದು ಹಾರಾಡ್ತಿರೋ ಸೊಳ್ಳೆ ಮಾತ್ರ, ನೀರಲ್ಲಿರೋ ಮರಿಗೆ ಏನೂ ಆಗಲ್ಲ. ಕೇಸ್ ಬಂದ ಮನೆ ಸುತ್ತಮುತ್ತ ಹೊಡೆಸಿ, ಸಾಕು. ಉಳಿದವರನ್ನ ಲಾರ್ವಾ ಕೆಲಸಕ್ಕೆ, ಅಂದ್ರೆ ನೀರಲ್ಲಿರೋ ಆ ಮರಿ ಹುಡುಕಿ ನಾಶ ಮಾಡೋಕೆ ಹಾಕಿ. ಸೆಕೆ ಇದ್ದಾಗ ಮೊಟ್ಟೆ ಸೊಳ್ಳೆ ಆಗೋಕೆ 7ರಿಂದ 10 ದಿನ, ಹಾಗಾಗಿ ವಾರಕ್ಕೊಮ್ಮೆ ಪ್ರತಿ ಜಾಗ ನೋಡಲೇಬೇಕು.

ಯೂನಿಟ್‌ಗೆ ಇಷ್ಟು ಅಂತ ಸಮ ಹಂಚಬೇಡಿ, ನೀರು ನಿಲ್ಲೋ ಜಾಗ ಲೆಕ್ಕ ಹಾಕಿ. ನಮಗೆ ಲಾರ್ವಾ ಹೆಚ್ಚು ಸಿಗ್ತಿದ್ದದ್ದು ಎಂಟಿ ಪಾರ್ಕ್‌ನ (ಸೇನೆಯ ವಾಹನ ನಿಲ್ಲಿಸೋ ಜಾಗ) ಹಳೇ ಟೈರಲ್ಲಿ, ಕೂಲರ್‌ನಲ್ಲಿ, ಖಾಲಿ ಕ್ವಾರ್ಟರ್ಸ್‌ನ ಫ್ಲಶ್ ಟ್ಯಾಂಕಲ್ಲಿ. ಬೀಗ ಹಾಕಿದ ಮನೆಗಳ ಕೀಲಿ ಮೊದಲೇ ತರಿಸಿಡಿ, ಇಲ್ದಿದ್ರೆ ಹುಡುಗರ ಅರ್ಧ ದಿನ ಅದಕ್ಕೇ ಹೋಗುತ್ತೆ. ಕೂಲರ್ ನೀರು ಚೆಲ್ಲಿದ್ರೆ ಮುಗೀಲಿಲ್ಲ, ಒಳಗೋಡೆ ಬ್ರಷ್ ಹಾಕಿ ಉಜ್ಜಿಸಿ. ಡೆಂಗಿ ಹರಡೋ ಈಡಿಸ್ ಸೊಳ್ಳೆಯ ಮೊಟ್ಟೆ ಅಲ್ಲೇ ಅಂಟಿಕೊಂಡು, ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರುತ್ತೆ. ಓವರ್‌ಹೆಡ್ ಟ್ಯಾಂಕ್ ಮುಚ್ಚಳ ಎಂಇಎಸ್ (ಸೇನೆಯ ಕಟ್ಟಡ, ನೀರು ನೋಡಿಕೊಳ್ಳೋ ವಿಭಾಗ) ಕೆಲಸ, ಬರವಣಿಗೆಯಲ್ಲೇ ಕೇಳಿ.

ನೀರು ಪರೀಕ್ಷೆ ಮಾಡೋರನ್ನ ಮಾತ್ರ ದಯವಿಟ್ಟು ಮುಟ್ಟಬೇಡಿ. ಮಳೆಗಾಲದಲ್ಲೇ ಪೈಪು ಸೋರೋದು, ಕೊಳಕು ಸೇರೋದು. ನೀರಿಗೆ ಎಷ್ಟು ಕ್ಲೋರಿನ್ ಬೇಕು ಅಂತ ತಿಳಿಯೋ ಹಾರಾಕ್ಸ್ ಪೆಟ್ಟಿಗೆಯ ಆರು ಬಿಳಿ ಬಟ್ಟಲಲ್ಲಿ ನೀಲಿ ಬಣ್ಣ ನಿಲ್ಲೋ ಮೊದಲ ಬಟ್ಟಲು ಯಾವುದು ಅಂತ ಅರ್ಧ ಗಂಟೆ ಕಾದು ನೋಡೋಕೆ ತಾಳ್ಮೆ ಇರೋರೇ ಬೇಕು. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು ಅನ್ನೋದು ಅದರ ಮೇಲೇ ನಿಂತಿದೆ.

ಮೆಡಿಕಲ್ ಆಫೀಸರ್ ಆಗಿದ್ದವರು:
ಸುಬೇದಾರ್ ಸಾಹೇಬರ ಮಾತಿಗೆ ಒಂದು ಸೇರಿಸುತ್ತೇನೆ. ಎಲ್ಲ ಕೆಲಸವನ್ನೂ ನಿಮ್ಮವರ ಮೇಲೆ ಹೇರಿಕೊಳ್ಳಬೇಡಿ. 1943ರಲ್ಲಿ ಬರ್ಮಾ ರಣರಂಗದಲ್ಲಿ ಗಾಯಾಳು ಒಬ್ಬನಿದ್ದರೆ ಕಾಯಿಲೆಯಿಂದ ಹಿಂದಕ್ಕೆ ಸಾಗಿಸಿದವರು 120 ಜನ. ಅಲ್ಲಿ ಸೇನೆ ನಡೆಸಿದ ಬ್ರಿಟಿಷ್ ಜನರಲ್ ಸ್ಲಿಮ್ ಮಲೇರಿಯಾ ಚಿಕಿತ್ಸೆಯನ್ನು ದೂರದ ಆಸ್ಪತ್ರೆಗಳಿಂದ ಮುಂಚೂಣಿಯ ಹಿಂಭಾಗಕ್ಕೇ ತಂದರು. ಸೈನಿಕರು ಮಲೇರಿಯಾ ತಡೆಯುವ ಮೆಪಕ್ರಿನ್ ಮಾತ್ರೆ ನುಂಗುವಂತೆ ನೋಡಿಕೊಳ್ಳುವ ಹೊಣೆಯನ್ನು ಡಾಕ್ಟರಿಗಲ್ಲ, ಕಮಾಂಡಿಂಗ್ ಆಫೀಸರಿಗೆ ಹೊರಿಸಿದರು. ಹೊಣೆ ಸರಿಯಾದ ಹೆಗಲಿಗೆ ಹೋದ ಮೇಲೇ ಕಾಯಿಲೆ ಇಳಿದದ್ದು.

ನೀವೂ ಯೂನಿಟ್‌ಗಳ ಆ್ಯಂಟಿ ಮಲೇರಿಯಾ ಸ್ಕ್ವಾಡ್‌ಗಳಿಗೆ ತರಬೇತಿ ಕೊಟ್ಟು ಅವರವರ ಲೈನ್ (ಬ್ಯಾರಕ್ ಇರುವ ಜಾಗ) ಅವರಿಗೇ ಒಪ್ಪಿಸಿ. ನಿಮ್ಮ ಹುಡುಗರು ಫ್ಯಾಮಿಲಿ ಕ್ವಾರ್ಟರ್ಸ್ ನೋಡಿಕೊಳ್ಳಲಿ, ಯೂನಿಟ್‌ಗಳಲ್ಲಿ ತಪಾಸಣೆ ಮಾತ್ರ ಮಾಡಲಿ. ಯಾವ ಯೂನಿಟ್‌ನಲ್ಲಿ ಎಲ್ಲೆಲ್ಲಿ ಲಾರ್ವಾ ಸಿಕ್ಕಿತು ಎಂಬ ಪಟ್ಟಿಯನ್ನು ಪ್ರತಿ ವಾರ ಸ್ಟೇಷನ್ ಕಮಾಂಡರ್ ಮೇಜಿಗೆ ಕಳಿಸಿ.