ಅಡಿಕೆ ಮದ್ದಿನ ಕಲೆ, ಮಂಕಾದ ಬಣ್ಣ, ಬಾಗಿಲ ಬಣ್ಣದಲ್ಲಿ ಬೊಬ್ಬೆ: ಹಳೆಯ ಪದ್ಮಿನಿ ಕಾರಿನ ಬಣ್ಣ ಉಳಿಸುವುದು ಹೇಗೆ?

ಪ್ರಶ್ನೆ (ಬದಿಯಡ್ಕದಿಂದ)

ಎಲ್ಲರಿಗೂ ನಮಸ್ಕಾರ. ತಂದೆಯವರು ಓಡಿಸುತ್ತಿದ್ದ 1986ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಪಾಲಿಗೆ ಬಂದಿದೆ. ಬಣ್ಣ ಕಡುಗೆಂಪು. ಎಡಬದಿಯ ಮುಂದಿನ ಬಾಗಿಲೊಂದನ್ನು ಬಿಟ್ಟರೆ ಬೇರೆಲ್ಲಿಯೂ ಮತ್ತೆ ಬಣ್ಣ ಹೊಡೆಸಿದ ನೆನಪು ಮನೆಯಲ್ಲಿ ಯಾರಿಗೂ ಇಲ್ಲ.

ಟಾಪ್ ಮತ್ತು ಬಾನೆಟ್ಟಿನ ಬಣ್ಣ ಬಿಸಿಲಿಗೆ ಮಂಕಾಗಿದೆ. ಬೆರಳಾಡಿಸಿದರೆ ಕುಂಕುಮದ ಹಾಗೆ ಪುಡಿ ಹತ್ತುತ್ತದೆ. ಒಂದು ಮೂಲೆಯಲ್ಲಿ ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲ್ಮೈ ಉಜ್ಜಿ ತೆಗೆಯುವ ಲೇಪ) ಹಾಕಿ ಉಜ್ಜಿದಾಗ ಬಟ್ಟೆಯೆಲ್ಲ ಕೆಂಪಾದದ್ದರಿಂದ ಹೆದರಿ ನಿಲ್ಲಿಸಿದೆ. ಇದಲ್ಲದೆ, ಕಳೆದ ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಎರಡನೆಯ ಸುತ್ತಿನ ಮದ್ದು ಸಿಂಪಡಿಸುವಾಗ ಗಾಳಿಗೆ ಹಾರಿದ ಹನಿಗಳು ಅಂಗಳದಲ್ಲಿ ನಿಂತಿದ್ದ ಕಾರಿನ ಮೇಲೆ ಬಿದ್ದು ಒಣಗಿವೆ. ಸಾಬೂನಿನಿಂದ ಎಷ್ಟು ತೊಳೆದರೂ ಆ ಬಿಳಿ ಕಲೆಗಳು ಹೋಗುತ್ತಿಲ್ಲ. ಎರಡು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಬಣ್ಣ ಹೊಡೆಸಿದ ಬಾಗಿಲಿನ ಮೇಲಂತೂ ಸಾಸಿವೆ ಗಾತ್ರದ ಬೊಬ್ಬೆಗಳು ಎದ್ದಿವೆ. ಇಡೀ ಗಾಡಿಗೆ ಹೊಸ ಬಣ್ಣ ಹೊಡೆಸಲು ನನಗೆ ಮನಸ್ಸಿಲ್ಲ. ದಯವಿಟ್ಟು ದಾರಿ ತಿಳಿಸಿ.

ಉತ್ತರ (ಕುಂಬಳೆಯಿಂದ)

ಬಟ್ಟೆ ಕೆಂಪಾದದ್ದು ಒಳ್ಳೆಯ ಸೂಚನೆ. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುವುದರಿಂದ ಉಜ್ಜಿದಾಗ ಅದು ಮಾತ್ರ ಸವೆಯುತ್ತದೆ, ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ನಿಮ್ಮದು ಒಂದೇ ಪದರದ ಬಣ್ಣ. ಬಿಸಿಲಿನ ಅತಿನೇರಳೆ ಕಿರಣಗಳು ಮೇಲ್ಮೈಯ ರಾಳವನ್ನು (ಬಣ್ಣದ ಕಣಗಳನ್ನು ಹಿಡಿದಿಡುವ ಅಂಟನ್ನು) ಕೆಡಿಸಿದಾಗ ಬಣ್ಣದ ಕಣಗಳು ಹಿಡಿತ ತಪ್ಪಿ ಪುಡಿಯಾಗುತ್ತವೆ. ಆ ಕೆಟ್ಟ ಪದರ ಹೋದರೆ ಕೆಳಗೆ ಮೊದಲಿನ ಕೆಂಪು ಸಿಗುತ್ತದೆ. ಆದರೆ ಕೆಳಗೆ ಎಷ್ಟು ಉಳಿದಿದೆ ಎಂಬುದನ್ನು ಅರಿಯದೆ ಪಾಲಿಶ್ ಯಂತ್ರ ಹಿಡಿಯಬೇಡಿ. ಬಣ್ಣದ ದಪ್ಪ ಅಳೆಯುವ ಮೀಟರನ್ನು ಯಾರಿಂದಾದರೂ ಒಂದು ದಿನದ ಮಟ್ಟಿಗೆ ಕೇಳಿ ತಂದು, ಪ್ರತಿ ಭಾಗದಲ್ಲೂ ನಾಲ್ಕೈದು ಕಡೆ ಅಳೆದು ಬರೆದಿಡಿ. ಸಾಮಾನ್ಯವಾಗಿ ಕಾರ್ಖಾನೆಯ ಬಣ್ಣ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸಿನಲ್ಲಿರುತ್ತದೆ. 500 ದಾಟಿದರೆ ಅಡಿಯಲ್ಲಿ ಪುಟ್ಟಿ (ತಗ್ಗು ತುಂಬಲು ಮೆತ್ತುವ ಲೇಪ) ಇದೆಯೆಂದೇ ತಿಳಿಯಬೇಕು.

ಮದ್ದಿನ ಕಲೆಯ ವಿಷಯದಲ್ಲಿ ಅವಸರ ಬೇಡ. ಅಡಿಕೆಗೆ ಬಿಡುವ ಮದ್ದಾದ, ಮೈಲುತುತ್ತು ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣ ಒಣಗಿದಾಗ ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಿನಂತಾಗುತ್ತದೆ, ಸಾಬೂನಿಗೆ ಅದು ಕರಗುವುದಿಲ್ಲ. ಅದನ್ನು ಒಣ ಬಟ್ಟೆಯಿಂದ ತಿಕ್ಕಿದರೆ ಮರಳುಕಾಗದದಿಂದ ತಿಕ್ಕಿದಂತೆಯೇ ಗೀರು ಬೀಳುತ್ತದೆ. ಅಡುಗೆಯ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಮೊದಲು ಕಾಣದ ಜಾಗದಲ್ಲಿ ಪರೀಕ್ಷಿಸಿ, ಅನಂತರ ನೆರಳಿನಲ್ಲಿ ತಣ್ಣಗಿರುವ ಬಾನೆಟ್ಟಿನ ಕಲೆಯ ಮೇಲೆ ನೆನೆಸಿದ ಹತ್ತಿಬಟ್ಟೆಯನ್ನು ಒಂದೆರಡು ನಿಮಿಷ ಇಟ್ಟು ಧಾರಾಳವಾಗಿ ನೀರು ಹೊಯ್ಯಿರಿ. ಕ್ರೋಮಿಗೂ ಬರಿಯ ತಗಡಿಗೂ ಅದು ತಾಗಬಾರದು. ಬಿಳಿ ಹೋದ ಮೇಲೂ ಬಳೆಯಂತಹ ಗುರುತು ಉಳಿದರೆ, ಸುಣ್ಣದ ಕ್ಷಾರ ಬಣ್ಣದ ರಾಳವನ್ನೇ ತಿಂದಿದೆ ಎಂದರ್ಥ. ಎಣ್ಣೆ ಆಧಾರದ ಹಳೆಯ ಎನಾಮಲ್ ಬಣ್ಣಗಳು ಕ್ಷಾರವನ್ನು ತಾಳುವುದಿಲ್ಲ.

ಬಾಗಿಲಿನ ಒಂದು ಬೊಬ್ಬೆಯನ್ನು ಬ್ಲೇಡಿನ ತುದಿಯಿಂದ ಬಿಡಿಸಿ ಒಳಗೇನಿದೆ ಎಂದು ನೋಡಿ ತಿಳಿಸಿ.

ಪ್ರಶ್ನಿಸಿದವರು

ಅಳೆದೆ. ಟಾಪಿನಲ್ಲಿ 90ರಿಂದ 105, ಬಾನೆಟ್ಟಿನಲ್ಲಿ 110, ಆದರೆ ಬಾನೆಟ್ಟಿನ ನಡುವಿನ ಏಣಿನ ಮೇಲೆ 60 ಮಾತ್ರ. ಬಾಗಿಲಿನಲ್ಲಿ 700. ವಿನೆಗರಿನಿಂದ ಹೆಚ್ಚಿನ ಕಲೆಗಳು ಹೋದವು. ಏಳೆಂಟು ಬಳೆಗಳು ಉಳಿದಿವೆ, ಅವುಗಳಲ್ಲಿ ಎರಡು ಆ ಏಣಿನ ಮೇಲೆಯೇ ಇವೆ. ಬಾಗಿಲಿನ ಮೇಲ್ಭಾಗದ ಬೊಬ್ಬೆಯಿಂದ ನೀರಿನ ಹನಿ ಬಂದು ಬೂದುಬಣ್ಣದ ಪ್ರೈಮರ್ (ಬಣ್ಣದ ಅಡಿಯ ಮೊದಲ ಲೇಪ) ಕಂಡಿತು, ಕೆಳ ಅಂಚಿನದರಲ್ಲಿ ಕಂದು ತುಕ್ಕು ಇದೆ. ಇಲ್ಲಿನ ಪೇಂಟರ್ ಒಬ್ಬರು ಎಲ್ಲದರ ಮೇಲೂ ಕ್ಲಿಯರ್ ಹೊಡೆದರೆ ಸರಿಯಾಗುತ್ತದೆ ಎನ್ನುತ್ತಾರೆ.

ಉತ್ತರ (ಮಂಜೇಶ್ವರದಿಂದ)

ಕ್ಲಿಯರ್ ಖಂಡಿತ ಬೇಡ. ಪುಡಿಯಾದ ಬಣ್ಣದ ಮೇಲೆ ಅದು ನಿಲ್ಲದೆ ಸಿಪ್ಪೆಯಾಗಿ ಏಳುತ್ತದೆ, ಅದರ ಥಿನ್ನರ್ ತಾಗಿದರೆ ಹಳೆಯ ಎನಾಮಲ್ ಸುಕ್ಕುಗಟ್ಟುವುದೂ ಉಂಟು.

ಬಾಗಿಲಿನ ತೊಂದರೆಯ ಮೂಲ ಆ ಜುಲೈ ತಿಂಗಳಲ್ಲಿದೆ. ಗಾಳಿಯ ತೇವಾಂಶ ಶೇಕಡಾ 85 ದಾಟಿರುವಾಗ ಬಣ್ಣ ಹೊಡೆಯಬಾರದು. ನಮ್ಮೂರಿನಲ್ಲಿ ಆ ತಿಂಗಳು ಅದಕ್ಕಿಂತ ಕೆಳಗಿಳಿಯುವ ದಿನಗಳೇ ವಿರಳ. ಪುಟ್ಟಿ ನೀರನ್ನು ಹೀರುತ್ತದೆ. ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳುಕಾಗದದಿಂದ) ಉಜ್ಜಿದ ಮೇಲೆ ಅದು ಪೂರ್ತಿ ಒಣಗುವ ಮೊದಲೇ ಪ್ರೈಮರ್ ಬಿದ್ದರೆ, ಒಳಗುಳಿದ ತೇವವೂ ಉಜ್ಜಿದ ನೀರಿನ ಲವಣವೂ ಸೇರಿ ಹೊರಗಿನ ನೀರನ್ನು ಬಣ್ಣದ ಪದರದ ಮೂಲಕವೇ ಎಳೆದುಕೊಂಡು ಬೊಬ್ಬೆ ಏಳಿಸುತ್ತವೆ. ಇದು ಯಾವ ಪಾಲಿಶಿಗೂ ಬಗ್ಗುವುದಿಲ್ಲ. ಡಿಸೆಂಬರ್ ಅಥವಾ ಜನವರಿಯವರೆಗೆ ಕಾದು, ಆ ಒಂದು ಬಾಗಿಲನ್ನು ಮಾತ್ರ ತಗಡಿನವರೆಗೆ ಬಿಡಿಸಿ, ತುಕ್ಕು ತೆಗೆದು, ಎಪಾಕ್ಸಿ ಪ್ರೈಮರಿನಿಂದ ಆರಂಭಿಸಿ ಬಣ್ಣ ಹೊಡೆಸಿ. ಅದಕ್ಕೂ ಮೊದಲು ಬಾಗಿಲಿನ ಅಡಿಯಲ್ಲಿ ನೀರು ಇಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ. ಕೆಳ ಅಂಚಿನ ತುಕ್ಕು ಒಳಗಿನಿಂದ ಬಂದಿರುವ ಸಂಭವವೇ ಹೆಚ್ಚು, ಹಾಗಿದ್ದರೆ ಹೊರಗಿನ ಕೆಲಸವೆಲ್ಲ ವ್ಯರ್ಥ.

ಟಾಪ್ ಮತ್ತು ಬಾನೆಟ್ಟಿಗೆ ವಾಟರ್ ಪೇಪರ್ ಬೇಡ. ಗಾಡಿ ತೊಳೆದು ಒಣಗಿಸಿ, ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಡ್ಯುಯಲ್ ಆಕ್ಷನ್ (ತಿರುಗುತ್ತಲೇ ಅಲುಗಾಡುವ) ಪಾಲಿಶ್ ಯಂತ್ರಕ್ಕೆ ಮೃದುವಾದ ಫೋಮ್ ಪ್ಯಾಡ್ ಹಾಕಿ, ಅತಿ ನಯವಾದ ಪಾಲಿಶಿನಿಂದ ಒಂದೂವರೆ ಅಡಿ ಚೌಕದಷ್ಟು ಜಾಗದಲ್ಲಿ ಮೊದಲು ಪ್ರಯತ್ನಿಸಿ. ಅಷ್ಟರಲ್ಲಿ ಹೊಳಪು ಬಂದರೆ ಒರಟು ಕಾಂಪೌಂಡಿನ ಡಬ್ಬಿ ತೆರೆಯಲೇಬೇಡಿ. ಪ್ಯಾಡ್ ಬೇಗನೆ ಬಣ್ಣದಿಂದ ತುಂಬಿ ಗಟ್ಟಿಯಾಗುತ್ತದೆ, ಹಾಗಾಗಿ ಪ್ರತಿ ಚೌಕ ಮುಗಿದಾಗಲೂ ಬ್ರಶ್ಶಿನಿಂದ ಉಜ್ಜಿ ಸ್ವಚ್ಛಗೊಳಿಸಬೇಕು, ನಾಲ್ಕೈದು ಪ್ಯಾಡುಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು. ಕೊನೆಗೆ ಮೇಣ ಹಚ್ಚಿ; ಒಂದೇ ಪದರದ ಬಣ್ಣಕ್ಕೆ ಬಿಸಿಲಿನ ಎದುರು ಬೇರೆ ಮರೆಯಿಲ್ಲ, ಆದುದರಿಂದ ಮೂರು ತಿಂಗಳಿಗೊಮ್ಮೆ ಇದು ತಪ್ಪಬಾರದು.

ಏಣಿನ ಮೇಲಿನ ಎರಡು ಬಳೆಗಳನ್ನು ಹಾಗೆಯೇ ಬಿಡಿ. 60 ಮೈಕ್ರಾನ್‌ನಲ್ಲಿ ಪ್ರೈಮರಿನ ಪಾಲೂ ಸೇರಿದೆ. ಅಲ್ಲಿ ಯಂತ್ರ ತಾಗಿದರೆ ತಗಡು ಕಾಣಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಪ್ರಶ್ನಿಸಿದವರು

ಬಹಳ ಉಪಕಾರವಾಯಿತು. ಬಾನೆಟ್ಟಿನ ಒಂದು ಚೌಕ ನಯವಾದ ಪಾಲಿಶಿನಿಂದಲೇ ತಿಳಿಯಾಯಿತು. ನಾನು ಚಿಕ್ಕಂದಿನಲ್ಲಿ ಕಂಡ ಕೆಂಪು ಅದೇ. ಎರಡು ಬಳೆಗಳನ್ನು ಮುಟ್ಟಿಲ್ಲ. ಬಾಗಿಲಿನ ಅಡಿಯ ತೂತುಗಳಿಂದ ಒಂದು ಮುಷ್ಟಿಯಷ್ಟು ಕೊಳೆತ ಎಲೆ ಬಂತು. ಮುಂದಿನ ಸಲ ಮದ್ದು ಬಿಡುವಾಗ ಗಾಡಿಗೆ ಪ್ಲಾಸ್ಟಿಕ್ ಹೊದಿಸಿದರೆ ಸಾಕೇ?

ಉತ್ತರ (ಕುಂಬಳೆಯಿಂದ)

ಪ್ಲಾಸ್ಟಿಕನ್ನು ನೇರವಾಗಿ ಬಣ್ಣದ ಮೇಲೆ ಹೊದಿಸಬೇಡಿ, ಅಡಿಯಲ್ಲಿ ಬೆವರು ಕಟ್ಟುತ್ತದೆ. ಮೊದಲು ಹಳೆಯ ಹತ್ತಿಯ ಹೊದಿಕೆ, ಅದರ ಮೇಲೆ ಟಾರ್ಪಾಲು. ಮದ್ದು ಮುಗಿದ ಸಂಜೆಯೇ ಎರಡನ್ನೂ ತೆಗೆಯಿರಿ. ಸಾಧ್ಯವಿದ್ದರೆ ಆ ದಿನ ಗಾಡಿಯನ್ನು ತೋಟದಿಂದ ದೂರ ಒಯ್ದು ನಿಲ್ಲಿಸುವುದು ಇನ್ನೂ ಒಳ್ಳೆಯದು. ಹನಿ ಬಿದ್ದದ್ದು ಕಂಡರೆ ಒಣಗಲು ಬಿಡದೆ ಆಗಲೇ ನೀರು ಹೊಯ್ಯಿರಿ.